‘ಮೈಂಡ್’ ಪದದ ಡಚ್ ಮನೆಗಳು

ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಚಲಿಸುವ ನಡೆಹಾದಿ ಮುಗಿಯುವೆಡೆ ಒಂದು ಧ್ವನಿ ಮತ್ತೆ ಮತ್ತೆ ಕೇಳಿಸುತ್ತದೆ: ‘ಮೈಂಡ್ ಯುವರ್ ಸ್ಟೆಪ್’. ನಾನಾ ದೇಶಗಳ ಪಯಣಿಗರು ಅದನ್ನು ಕೇಳಿ ಹೆಜ್ಜೆ ಸರಿಪಡಿಸಿಕೊಂಡು ಮುಂದೆ ಸಾಗುತ್ತಾರೆ. ಆ ಮಾತಿನ ‘ಮೈಂಡ್’ಗೂ ಮನಸ್ಸಿಗೂ ಏನು ನಂಟು ಎಂದು ಯಾರೂ ನಿಂತು ಯೋಚಿಸುವುದಿಲ್ಲ. ಆದರೆ ಅದನ್ನು ಆ ನೆಲದ ಭಾಷೆಯಾದ ಡಚ್ಚಿಗೆ ತರಹೊರಟ ಅನುವಾದಕ ನಿಲ್ಲಲೇಬೇಕು. ಇಂಥಲ್ಲಿ ಡಚ್ಚರು ಹೇಳುವುದು ‘ಲೆಟ್ ಒಪ್’ ಎಂದು. ಗಮನವಿರಲಿ ಎಂಬುದು ಅದರ ಅರ್ಥ. ಮನಸ್ಸಿನ ಹೆಸರು ಅಲ್ಲಿ ಸುಳಿಯುವುದೇ ಇಲ್ಲ.

ಇಂಗ್ಲಿಷಿನ ಅತಿ ಬಳಕೆಯ ಪದಗಳಲ್ಲಿ ‘ಮೈಂಡ್’ ಒಂದು. ನಾಮಪದವಾಗಿಯೂ ಕ್ರಿಯಾಪದವಾಗಿಯೂ ಅದು ದುಡಿಯುತ್ತದೆ. ಇಂಗ್ಲಿಷಿಗೆ ಹತ್ತಿರದ ಬಂಧುವಾದ ಡಚ್ಚಿನಲ್ಲಿ ಇದಕ್ಕೆ ಸರಿಸಾಟಿಯಾದ ಒಂದೇ ಪದವಿಲ್ಲ ಎಂಬುದು ಮೇಲುನೋಟಕ್ಕೆ ವಿಚಿತ್ರವೆನಿಸುತ್ತದೆ. ಇಂಗ್ಲಿಷು ಒಂದೇ ಸೂರಿನಡಿ ಇರಿಸಿಕೊಂಡ ಸಂಸಾರ ಡಚ್ಚಿನಲ್ಲಿ ಹಲವು ಮನೆಗಳಾಗಿ ಪಾಲಾಗಿದೆ. ನಿರ್ಧಾರ ಬದಲಿಸಿದವನು ಅಲ್ಲಿ ತನ್ನ ‘ಖೆದಾಖ್ತೆ’ಯನ್ನು, ಅಂದರೆ ಆಲೋಚನೆಯನ್ನು ಬದಲಿಸುತ್ತಾನೆ. ಬುದ್ಧಿ ಕೆಟ್ಟವನು ‘ವರ್‌ಸ್ಟಾಂಟ್’ ಕಳೆದುಕೊಳ್ಳುತ್ತಾನೆ. ಅದು ತಿಳಿವು, ವಿವೇಕ. ನೆಮ್ಮದಿ ಬೇಕಾದರೆ ‘ಖೆಮೂಟ್’ ಶಾಂತವಾಗಬೇಕು; ಅದು ಭಾವಗಳ ನೆಲೆ. ತತ್ತ್ವಶಾಸ್ತ್ರದ ತರಗತಿಯಲ್ಲಿ ಚರ್ಚೆಗೊಳಗಾಗುವುದು ‘ಖೇಸ್ಟ್’, ಅಂದರೆ ಚೇತನ. ಮಗುವನ್ನು ನೋಡಿಕೊಳ್ಳುವ ‘ಮೈಂಡ್’ಗೆ ಮತ್ತೊಂದೇ ಕ್ರಿಯಾಪದ, ಆ ಕೆಲಸಕ್ಕೆ ಮನೆಗೆ ಬರುವವರು ‘ಒಪಾಸ್’.

ಈ ಹಂಚಿಕೆಯ ಹಿಂದೆ ಪದದ ಚರಿತ್ರೆಯಿದೆ. ಪ್ರಾಚೀನ ಇಂಗ್ಲಿಷಿನಲ್ಲಿ ಈ ಪದದ ಪೂರ್ವರೂಪಕ್ಕೆ ಮುಖ್ಯವಾಗಿ ಇದ್ದ ಅರ್ಥ ನೆನಪು. ‘ರಿಮೈಂಡ್’ ಎಂಬಲ್ಲಿ ಅದು ಇಂದಿಗೂ ಉಸಿರಾಡುತ್ತಿದೆ. ಅನಾದಿಕಾಲದಿಂದ ಎಂಬರ್ಥದ ‘ಟೈಮ್ ಔಟ್ ಆಫ್ ಮೈಂಡ್’ ನುಡಿಗಟ್ಟಿನಲ್ಲಿರುವುದೂ ನೆನಪೇ. ಇದಕ್ಕೆ ಡಚ್ಚಿನಲ್ಲಿ ಸಲ್ಲುವ ಪದ ‘ಮೆನ್ಸೆನ್‌ಹ್ಯೋಖೆನಿಸ್’, ಅಂದರೆ ಮನುಷ್ಯರ ನೆನಪು. ಇಂಗ್ಲಿಷು ಮರೆತ ತನ್ನದೇ ಹಳೆಯ ಅರ್ಥವನ್ನು ಇಲ್ಲಿ ಅನುವಾದ ಮರಳಿ ತೋರಿಸಿಕೊಡುತ್ತದೆ.

ಇಷ್ಟೆಲ್ಲ ಪದಕೋಶದ ನೆರವಿನಿಂದ ನಡೆಯಬಹುದಾದ ಕೆಲಸ. ಪದಕೋಶ ಕೈಬಿಡುವ ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಇಂಗ್ಲಿಷ್ ಕಾದಂಬರಿಯೊಂದರಲ್ಲಿ ಮಗಳು ತಾಯಿಯ ಹುಟ್ಟುಹಬ್ಬವನ್ನು ಮರೆತು, ಮಾರನೆಯ ದಿನ ಫೋನು ಮಾಡಿ ಕ್ಷಮೆ ಕೇಳುತ್ತಾಳೆ. ತಾಯಿ ಹೇಳುವುದು ಎರಡೇ ಪದ: ‘ನೆವರ್ ಮೈಂಡ್’. ಅನುವಾದಕಿಯ ಮುಂದೆ ಎರಡು ದಾರಿಗಳಿವೆ. ‘ಖೇಫ್ಟ್ ನೀಟ್’ ಎಂದರೆ ಪರವಾಗಿಲ್ಲ, ತಪ್ಪು ಮನ್ನಿಸಿದಂತಾಯಿತು. ‘ಲಾಟ್ ಮಾರ್’ ಎಂದರೆ ಬಿಡು, ಆ ಮಾತೇ ಬೇಡ. ಬೇಸರದ ದನಿಯಲ್ಲಿ ಆಡಿದಾಗ ಅದು ಬಾಗಿಲು ಮುಚ್ಚಿದ ಸದ್ದಿನಂತಿರುತ್ತದೆ. ಇಂಗ್ಲಿಷ್ ತಾಯಿಯ ಮಾತಿನಲ್ಲಿ ಕ್ಷಮೆಯೂ ಇರಬಹುದು, ನೋವೂ ಇರಬಹುದು. ಮಗಳಿಗೂ ಅದು ತಿಳಿಯದು, ಓದುಗನಿಗೂ ತಿಳಿಯದು. ಕಾದಂಬರಿ ನಿಂತಿರುವುದೇ ಆ ಅನಿಶ್ಚಯದ ಮೇಲೆ. ಡಚ್ ತಾಯಿ ಮಾತ್ರ ಬಾಯಿ ತೆರೆದೊಡನೆ ಒಂದು ಕಡೆಗೆ ವಾಲಿಬಿಡುತ್ತಾಳೆ. ಹೀಗೆ ಮೂಲ ಲೇಖಕ ತೀರ್ಮಾನಿಸದೆ ಉಳಿಸಿದ್ದನ್ನು ತೀರ್ಮಾನಿಸುವ ಹೊಣೆ ಅನುವಾದಕಿಯ ತಲೆಯ ಮೇಲೆ ಬೀಳುತ್ತದೆ. ಆಕೆ ಇಡೀ ಕಾದಂಬರಿಯನ್ನು ಮತ್ತೊಮ್ಮೆ ಓದಬೇಕು. ಆ ತಾಯಿ ಹಿಂದೆ ಯಾವಾಗ ಮೌನವಾಗಿದ್ದಳು, ಮುಂದೆ ಯಾವಾಗ ಆ ಫೋನಿನ ಪ್ರಸ್ತಾಪ ಬರುತ್ತದೆ ಎಂಬುದನ್ನು ಹುಡುಕಬೇಕು. ಎರಡು ಪದಗಳ ಅನುವಾದಕ್ಕೆ ಮುನ್ನೂರು ಪುಟಗಳ ಸಾಕ್ಷ್ಯ ಬೇಕಾಗುತ್ತದೆ.

ಶಾಸ್ತ್ರಗ್ರಂಥಗಳಲ್ಲಿ ಈ ತೀರ್ಮಾನದ ಭಾರ ಇನ್ನೂ ಹೆಚ್ಚು. ಮತ್ತಾಯನ ಸುವಾರ್ತೆಯ 22ನೆಯ ಅಧ್ಯಾಯದಲ್ಲಿ ದೇವರನ್ನು ಪ್ರೀತಿಸಬೇಕಾದ ಬಗೆಯನ್ನು ಹೇಳುವ ವಾಕ್ಯವಿದೆ. ಅಲ್ಲಿನ ‘ದಿಯಾನೋಯಾ’ ಎಂಬ ಗ್ರೀಕ್ ಪದಕ್ಕೆ 1611ರ ಇಂಗ್ಲಿಷ್ ಬೈಬಲ್ ‘ಮೈಂಡ್’ ಎಂದಿತು. 1637ರ ಡಚ್ ಬೈಬಲ್ ‘ವರ್‌ಸ್ಟಾಂಟ್’ ಎಂದಿತು. ಆತ್ಮವನ್ನು ಹೇಳುವ ‘ಝೀಲ್’ ಎಂಬ ಪದ ಅದೇ ವಾಕ್ಯದಲ್ಲಿ ಬೇರೆಯಾಗಿಯೇ ಇದೆ. ನಲವತ್ತು ವರ್ಷಗಳ ಬಳಿಕ ಚಿತ್ರ ಬದಲಾಯಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ಸ್ಪಿನೋಜಾ ತನ್ನ ‘ಎಥಿಕಾ’ವನ್ನು ಬರೆದದ್ದು ಲ್ಯಾಟಿನ್‌ನಲ್ಲಿ. 1677ರಲ್ಲಿ ಆತ ತೀರಿಕೊಂಡ ಮೇಲೆ ಅದೇ ವರ್ಷ ಲ್ಯಾಟಿನ್ ಮೂಲವೂ ಡಚ್ ಅನುವಾದವೂ ಪ್ರಕಟವಾದವು. ಲ್ಯಾಟಿನ್ನಿನ ‘ಮೆನ್ಸ್’ ಆ ಡಚ್ ಅನುವಾದದಲ್ಲಿ ‘ಝೀಲ್’ ಆಯಿತು. 1883ರ ಎಲ್ವೆಸ್‌ನ ಇಂಗ್ಲಿಷ್ ಅನುವಾದದಲ್ಲಿ ಅದೇ ‘ಮೈಂಡ್’ ಆಯಿತು; ಆಧುನಿಕ ಡಚ್ ಅನುವಾದಕರು ‘ಖೇಸ್ಟ್’ ಎಂಬುದನ್ನು ಆರಿಸಿಕೊಂಡರು.

ಇದು ಕೇವಲ ರುಚಿಭೇದವಲ್ಲ. ದೇಹ ಅಳಿದ ಮೇಲೆ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಸ್ಪಿನೋಜಾ ಕೊಟ್ಟ ಉತ್ತರ ಆ ಕಾಲದ ಧರ್ಮಗುರುಗಳನ್ನು ಕೆರಳಿಸಿತ್ತು. 1678ರಲ್ಲಿ ಹಾಲೆಂಡಿನ ಆಡಳಿತ ಸಭೆ ಅವನ ಮರಣೋತ್ತರ ಕೃತಿಗಳನ್ನು ನಿಷೇಧಿಸಿತು. ಅಂಥ ಗ್ರಂಥದಲ್ಲಿ ‘ಆತ್ಮ’ ಎಂದು ಓದುವುದಕ್ಕೂ ‘ಮನಸ್ಸು’ ಎಂದು ಓದುವುದಕ್ಕೂ ಅಂತರವಿದೆ. ಮನಸ್ಸು ಬೇರೆ, ಆತ್ಮ ಬೇರೆ ಎಂದು ವಿಂಗಡಿಸುವ ದರ್ಶನಗಳಲ್ಲಿ ಪಳಗಿದ ಭಾರತೀಯ ಓದುಗನಿಗೆ ಇದು ಬೇಗ ಹೊಳೆಯುತ್ತದೆ. ಇಂದು ಸ್ಪಿನೋಜಾನನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಡಚ್ಚಿಗೆ ತರುವವನು ಪುಟಪುಟದಲ್ಲೂ ‘ಮೈಂಡ್’ ಪದವನ್ನು ಎದುರಿಸುತ್ತಾನೆ. ವ್ಯಾಖ್ಯಾನಕಾರನ ಮಾತಾದರೆ ಒಂದು ಪದ, 1677ರ ಪಠ್ಯದ ಉಲ್ಲೇಖವಾದರೆ ಇನ್ನೊಂದು ಪದ. ಒಂದೇ ಪುಟದಲ್ಲಿ ಎರಡು ಶತಮಾನಗಳು ಎದುರುಬದುರಾಗುತ್ತವೆ.

‘ಖೇಸ್ಟ್’ ಆರಿಸಿಕೊಂಡವನಿಗೂ ಸಂಕಟ ತಪ್ಪಿದ್ದಲ್ಲ. ಆ ಪದಕ್ಕೆ ಚೇತನವೆಂಬ ಅರ್ಥವಿರುವಂತೆ ಭೂತ, ಪ್ರೇತ ಎಂಬ ಅರ್ಥವೂ ಇದೆ. ಗಿಲ್ಬರ್ಟ್ ರೈಲ್ 1949ರ ತನ್ನ ಗ್ರಂಥದಲ್ಲಿ ಮನಸ್ಸು ದೇಹದಿಂದ ಬೇರೆಯಾದ ವಸ್ತು ಎಂಬ ವಾದವನ್ನು ಯಂತ್ರದೊಳಗಿನ ಭೂತ ಎಂದು ಹಾಸ್ಯ ಮಾಡಿದ. ಇಂಗ್ಲಿಷಿನಲ್ಲಿ ಮನಸ್ಸಿಗೊಂದು ಪದ, ಭೂತಕ್ಕೊಂದು ಪದ ಇರುವುದರಿಂದಲೇ ಆ ಹಾಸ್ಯಕ್ಕೆ ಮೊನೆಯಿದೆ. ಡಚ್ಚಿನಲ್ಲಿ ಎರಡಕ್ಕೂ ‘ಖೇಸ್ಟ್’ ಎಂದರೆ ಹಾಸ್ಯವೇ ಆವಿಯಾಗುತ್ತದೆ. ಆದ್ದರಿಂದ ಭೂತಕ್ಕೆ ‘ಸ್ಪೋಕ್’ ಎಂಬ ಬೇರೆ ಪದವನ್ನು ಕರೆತರಬೇಕಾಗುತ್ತದೆ.

ಕಣ್ಣಿಗೆ ಮರೆಯಾದದ್ದು ‘ಮೈಂಡ್’ನಿಂದಲೂ ಮರೆಯಾಗುತ್ತದೆ ಎಂಬ ಇಂಗ್ಲಿಷ್ ಗಾದೆ ಪ್ರಸಿದ್ಧ. ಡಚ್ಚರಲ್ಲಿಯೂ ಅದೇ ಗಾದೆಯಿದೆ. ಆದರೆ ಅಲ್ಲಿ ಕಣ್ಣಿಗೆ ಮರೆಯಾದದ್ದು ಹೃದಯದಿಂದ ಮರೆಯಾಗುತ್ತದೆ. ಇಂಗ್ಲಿಷಿನವನು ಮರೆವನ್ನು ಹೇಳಿದ. ಡಚ್ಚನು ಒಲವು ಆರಿದ್ದನ್ನು ಹೇಳಿದ. ಇಂಗ್ಲಿಷಿನ ‘ಮೈಂಡ್’ ಹುಟ್ಟಿದ ಪ್ರಾಚೀನ ಧಾತುವಿನ ಸಂತಾನವೊಂದು ಡಚ್ಚಿನಲ್ಲಿಯೂ ಇದೆ: ‘ಮಿನ್ನೆ’. ನೆನೆಯುವುದು ಎಂಬ ಮೂಲಾರ್ಥದಿಂದ ಹೊರಟು ಅದು ಪ್ರೀತಿ ಎಂಬಲ್ಲಿಗೆ ಬಂದು ನಿಂತಿತು. 13ನೆಯ ಶತಮಾನದ ಅನುಭಾವಿ ಕವಯಿತ್ರಿ ಹಾಡೆವೈಖ್‌ಳ ಕಾವ್ಯದ ಕೇಂದ್ರಪದ ಅದೇ. ಪ್ರಿಯಕರನಿಗೆ ಇಂದಿಗೂ ‘ಮಿನ್ನಾರ್’ ಎಂಬ ಪದವಿದೆ. ಒಂದೇ ಬಳ್ಳಿಯ ಕುಡಿ ಒಂದೆಡೆ ಬುದ್ಧಿಯ ಕಡೆಗೆ, ಇನ್ನೊಂದೆಡೆ ಒಲವಿನ ಕಡೆಗೆ ಹಬ್ಬಿತು.

ಸಂಸ್ಕೃತದ ‘ಮನಸ್’ ಅದೇ ಧಾತುವಿನದು. ಅದರ ಮೂಲಕ ಕನ್ನಡದ ‘ಮನಸ್ಸು’ ಕೂಡ ಈ ಬಳ್ಳಿಗೆ ಸೇರುತ್ತದೆ. ಕನ್ನಡಿಗ ‘ಮನಸ್ಸು ಮಾಡಿದ’ ಎಂದರೆ ನಿರ್ಧರಿಸಿದ. ‘ಅವಳ ಮೇಲೆ ಮನಸ್ಸಾಯಿತು’ ಎಂದರೆ ಪ್ರೀತಿಸಿದ. ಇಂಗ್ಲಿಷು ಮತ್ತು ಡಚ್ಚು ಹಂಚಿಕೊಂಡ ಆಸ್ತಿ ಇಲ್ಲಿ ಅವಿಭಕ್ತವಾಗಿದೆ. ಆದರೂ ಆ ಇಂಗ್ಲಿಷ್ ತಾಯಿ ಫೋನಿನಲ್ಲಿ ಆಡಿದ ಮಾತನ್ನು ಕನ್ನಡಕ್ಕೆ ತರುವವರೂ ‘ಪರವಾಗಿಲ್ಲ’, ‘ಹೋಗಲಿ ಬಿಡು’ ಎಂಬೆರಡರ ನಡುವೆ ನಿಲ್ಲಲೇಬೇಕು. ಪದ ಯಾವ ಮನೆಯದೆಂದು ಪದಕೋಶ ಹೇಳೀತು. ಆಡಿದವಳ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಅನುವಾದಕರೇ ಓದಿ ಅರಿಯಬೇಕು.