ನೀರಿನಲ್ಲಿ ನೆನೆಸಿದ ಚೀಟಿ

ಸಂಶೋಧನೆಯ ಅನುಭವವೊಂದನ್ನು ಈ ಸಂಪುಟಕ್ಕೆ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಹಳಗನ್ನಡ ಕಾವ್ಯವೊಂದರ ಪಾಠಾಂತರಗಳ ವಿಚಾರವನ್ನು ಅವರು ನನ್ನಿಂದ ನಿರೀಕ್ಷಿಸಿದ್ದಿರಬೇಕು. ಆದರೆ ಗ್ರಂಥಸಂಪಾದನ ಶಾಸ್ತ್ರವನ್ನು ಮೂವತ್ತು ವರ್ಷ ತರಗತಿಯಲ್ಲಿ ಬೋಧಿಸಿದ ನಾನು ಅದರ ಮೊದಲ ಪಾಠವನ್ನು ಸ್ವತಃ ಕಲಿತದ್ದು ನಿವೃತ್ತಿಯ ತರುವಾಯ, ಮಣಿಕೊಂಡದಲ್ಲಿರುವ ಮಗಳ ಮನೆಯಲ್ಲಿ, ಎರಡು ಬೆರಳಗಲದ ಒಂದು ಜರ್ಮನ್ ಚೀಟಿಯಿಂದ. ಆದುದರಿಂದ ಅದನ್ನೇ ಬರೆಯುತ್ತಿದ್ದೇನೆ.

ಹೈದರಾಬಾದಿನ ಆಬಿಡ್ಸ್‌ನಲ್ಲಿ ಭಾನುವಾರದಂದು ಕಾಲುದಾರಿಯ ಮೇಲೆ ಹಳೆಯ ಪುಸ್ತಕಗಳನ್ನು ಹರಡಿಕೊಂಡು ಕೂರುವವರನ್ನು ಆ ಊರು ಬಲ್ಲವರೆಲ್ಲ ಬಲ್ಲರು. 2011ರಲ್ಲಿ ಅಲ್ಲಿ ನನಗೊಂದು ಅಂಚೆಚೀಟಿಯ ಆಲ್ಬಮ್ ದೊರೆಯಿತು. ಬೆನ್ನು ಹರಿದಿತ್ತು, ಪುಟಗಳು ಅರ್ಧಕ್ಕರ್ಧ ಖಾಲಿ. ಕೊನೆಯ ಪುಟದಲ್ಲಿ ಪೋಸ್ಟ್‌ಕಾರ್ಡಿನಿಂದ ಕತ್ತರಿಸಿದಂತಿದ್ದ ಒಂದು ತುಂಡಿನ ಮೇಲೆ ನೀಲಿ ಬಣ್ಣದ ಚೀಟಿಯೊಂದು ಅಂಟಿಕೊಂಡಿತ್ತು. ಅಂಚಿನಲ್ಲಿ ಅಂಚೆಚೀಟಿಗಿರುವಂತೆಯೇ ಹಲ್ಲುಗಳಿದ್ದುವು. ಆದರೆ ಬೆಲೆಯಾಗಲಿ ದೇಶದ ಹೆಸರಾಗಲಿ ಇರಲಿಲ್ಲ. ಅಕ್ಷರಗಳು ಜರ್ಮನರ ಹಳೆಯ ಮುರಿಗೆರೆಯ ಲಿಪಿಯಲ್ಲಿದ್ದುವು. ಆ ಲಿಪಿಯಲ್ಲಿ ಪದದ ನಡುವಿನ ‘ಸ’ಕಾರ ನೋಡುವುದಕ್ಕೆ ‘ಫ’ಕಾರದಂತೆಯೇ ಇರುತ್ತದೆ. ‘ಉನ್‌ಫೆರೆ’ ಎಂದು ಓದಿಕೊಂಡು ಎರಡು ದಿನ ನಿಘಂಟಿನಲ್ಲಿ ಹುಡುಕಿದೆ. ಅಂಥ ಶಬ್ದವೇ ಇರಲಿಲ್ಲ. ಅದು ‘ಉನ್‌ಸೆರೆ’, ಅಂದರೆ ‘ನಮ್ಮ’. ನಮ್ಮ ನೌಕಾಪಡೆಯ ಸೆರೆಯಾಳುಗಳಿಗಾಗಿ ಎಂಬುದು ಆ ಚೀಟಿಯ ಒಕ್ಕಣೆ.

ಈ ಅರ್ಥ ಸಿಕ್ಕ ಸಂತೋಷದಲ್ಲಿಯೇ ನಾನು ಮಾಡಬಾರದ ಕೆಲಸವನ್ನು ಮಾಡಿದೆ. ಅಂಚೆಚೀಟಿ ಸಂಗ್ರಹಿಸುವವರು ಲಕೋಟೆಯ ತುಂಡನ್ನು ನೀರಿನಲ್ಲಿ ನೆನೆಸಿ ಚೀಟಿಯನ್ನು ಬಿಡಿಸಿಕೊಳ್ಳುವುದು ವಾಡಿಕೆ. ನಾನೂ ಬಾಲ್ಯದಲ್ಲಿ ಹಾಗೆಯೇ ಮಾಡುತ್ತಿದ್ದೆ. ಸ್ಟೀಲಿನ ತಟ್ಟೆಯಲ್ಲಿ ಉಗುರುಬೆಚ್ಚನೆಯ ನೀರು ಹಾಕಿ ಅದನ್ನು ನೆನೆಯಿಟ್ಟೆ. ಸ್ವಲ್ಪ ಹೊತ್ತಿಗೆ ಚೀಟಿ ಬಿಟ್ಟುಕೊಂಡಿತು. ನೀರು ತಿಳಿಯಾದ ಊದಾ ಬಣ್ಣಕ್ಕೆ ತಿರುಗಿತ್ತು. ಕಾರ್ಡಿನ ತುಂಡು ಮೆತ್ತಗಾಗಿದ್ದುದರಿಂದ ಅದನ್ನು ಮುದುರಿ ಕಸದ ಬುಟ್ಟಿಗೆ ಹಾಕಿದೆ. ಅದರ ಮೇಲೆ ಬಾಗಿದ ಗೆರೆಯೊಂದು, ನಾಲ್ಕಾರು ಕೈಬರಹದ ಅಕ್ಷರಗಳು ಇದ್ದುದನ್ನು ಕಣ್ಣು ಕಂಡಿತ್ತು, ಮನಸ್ಸು ಓದಿರಲಿಲ್ಲ.

ಇಂಥ ಚೀಟಿಗಳ ಸ್ವರೂಪವನ್ನು ತಿಳಿದುಕೊಂಡದ್ದು ಆಮೇಲೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಸ್ಟ್ರಿಯದ ಅಂಚೆ ಇಲಾಖೆ 1914ರಲ್ಲಿಯೇ ವಿಧವೆಯರ ಮತ್ತು ಅನಾಥರ ನೆರವಿಗೆಂದು ಹೆಚ್ಚುವರಿ ಬೆಲೆಯ ಅಂಚೆಚೀಟಿಗಳನ್ನು ತಂದಿತು. ಜರ್ಮನಿಯ ಅಂಚೆ ಹಾಗೆ ಮಾಡಿದ್ದು ಯುದ್ಧ ಮುಗಿದ ಮೇಲೆ, 1919ರ ಮೇ ತಿಂಗಳಿನಲ್ಲಿ. 10 ಮತ್ತು 15 ಫೆನಿಗ್‌ಗಳ ಚೀಟಿಯ ಮೇಲೆ ಯುದ್ಧದಲ್ಲಿ ಅಂಗವಿಕಲರಾದವರಿಗೆಂದು 5 ಫೆನಿಗ್ ಹೆಚ್ಚಿಗೆ ಮುದ್ರಿಸಿತು. ಅದಕ್ಕೆ ಮೊದಲು ಅಲ್ಲಿ ನಡೆದದ್ದೆಲ್ಲ ಖಾಸಗಿ ಸಂಘಗಳ ಚೀಟಿ. ಅವನ್ನು ಕಾಸು ಕೊಟ್ಟು ಕೊಂಡು ಪತ್ರದ ಮೇಲೆ ಅಂಟಿಸಬಹುದಾಗಿತ್ತೇ ಹೊರತು ಅಂಚೆಯ ದೃಷ್ಟಿಯಲ್ಲಿ ಅವಕ್ಕೆ ಬೆಲೆಯಿರಲಿಲ್ಲ. ಇನ್ನೊಂದು ಕಡೆ, 1907ರ ಹೇಗ್ ಒಪ್ಪಂದದ 16ನೆಯ ವಿಧಿಯಂತೆ ಯುದ್ಧಖೈದಿಗಳ ಪತ್ರಗಳಿಗೆ ಅಂಚೆವೆಚ್ಚವೇ ಇರಲಿಲ್ಲ. ಹೀಗಾಗಿ ಸೆರೆಯಾಳಿನ ಪತ್ರದ ಮೇಲೆ ಚೀಟಿಯಿಲ್ಲ. ಸೆರೆಯಾಳಿಗೆಂದು ಕೊಂಡ ಚೀಟಿಗೆ ಪತ್ರವನ್ನು ಸಾಗಿಸುವ ಶಕ್ತಿಯಿಲ್ಲ. ಅದು ಯಾವ ಕಾರ್ಡಿನ ಮೇಲೆ, ಯಾವ ಊರಿನ ಮುದ್ರೆಯ ಪಕ್ಕದಲ್ಲಿ ಅಂಟಿತ್ತೆಂಬುದೊಂದೇ ಅದರ ಸಾಕ್ಷ್ಯ. ಊದಾ ಬಣ್ಣ ಸೆನ್ಸಾರಿನ ರಬ್ಬರ್ ಮುದ್ರೆಯದಿರಬಹುದೆಂದು ಹೊಳೆದಾಗ ಕಸದ ಗಾಡಿ ಹೋಗಿ ವಾರ ಕಳೆದಿತ್ತು. ಪುಷ್ಪಿಕೆಯಿರುವ ಕೊನೆಯ ಗರಿಯನ್ನು ಒಲೆಗೆ ಹಾಕಿ ಉಳಿದ ಓಲೆಯ ಕಾಲನಿರ್ಣಯಕ್ಕೆ ಕುಳಿತವನ ಸ್ಥಿತಿ ನನ್ನದಾಗಿತ್ತು.

ಆದರೂ ನಾನು ಸುಮ್ಮನಿರಲಿಲ್ಲ. ನೌಕಾಪಡೆಯ ಸೆರೆಯಾಳುಗಳೆಂದೊಡನೆ ದಕ್ಷಿಣ ಭಾರತದವನ ಮನಸ್ಸು ಓಡುವುದು ‘ಎಂಡೆನ್’ ಹಡಗಿನ ಕಡೆಗೆ. 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡು ಹಾರಿಸಿ ಬರ್ಮಾ ಆಯಿಲ್ ಕಂಪನಿಯ ಎಣ್ಣೆಯ ತೊಟ್ಟಿಗಳಿಗೆ ಬೆಂಕಿಯಿಟ್ಟ ಆ ಹಡಗಿನ ಹೆಸರು ತಮಿಳಿನಲ್ಲಿ ಎದೆಗಾರನಿಗೆ, ಮಲಯಾಳದಲ್ಲಿ ಭಾರಿ ಗಾತ್ರದ ವಸ್ತುವಿಗೆ ಶಬ್ದವಾಗಿ ನಿಂತಿದೆ. ನವೆಂಬರ್ 9ರಂದು ಕೋಕೋಸ್ ದ್ವೀಪದ ಬಳಿ ಆಸ್ಟ್ರೇಲಿಯದ ‘ಸಿಡ್ನಿ’ ಹಡಗು ಅದನ್ನು ಹಾಳುಗೆಡವಿದ ಮೇಲೆ ಬದುಕುಳಿದವರನ್ನು ಮಾಲ್ಟಾ ದ್ವೀಪದಲ್ಲಿ ಸೆರೆಯಿಡಲಾಯಿತು. ನನ್ನ ಚೀಟಿ ಇವರಿಗಾಗಿ ಹೊರಟದ್ದೆಂದು ವಿಚಾರ ಸಂಕಿರಣವೊಂದರಲ್ಲಿ ಹದಿನಾಲ್ಕು ಪುಟದ ಪ್ರಬಂಧ ಓದಿದೆ. ಸಭೆ ಮೆಚ್ಚಿತು. ಅದು ಅಚ್ಚೂ ಆಯಿತು.

ಓದಿ ಬಂದ ಹಿರಿಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಪ್ರತಿಯಲ್ಲಿ ಎಂಡೆನ್ ಎಂಬ ಮಾತು ಎಲ್ಲಿದೆ, ಸ್ವಾಮಿ?”

ಎಲ್ಲಿಯೂ ಇರಲಿಲ್ಲ. ಚೆಂಪಕರಾಮನ್ ಪಿಳ್ಳೆಯವರು ಆ ಹಡಗಿನ ಮೇಲಿದ್ದರೆಂಬ ಕಥೆಗೆ ಆಧಾರವಿಲ್ಲವೆಂದು ಅದೇ ಪ್ರಬಂಧದಲ್ಲಿ ಅನ್ಯರನ್ನು ಆಕ್ಷೇಪಿಸಿದ್ದ ನಾನು, ಅದೇ ಜಾತಿಯ ಕಥೆಯನ್ನು ಎರಡು ಪುಟದ ಆಚೆ ಕಟ್ಟಿದ್ದೆ.

ಮತ್ತೆ ಮೊದಲಿನಿಂದ ಓದತೊಡಗಿದಾಗ ಅಹ್ಮದ್‌ನಗರ ಎದುರಾಯಿತು. ಭಾರತದಲ್ಲಿದ್ದ ಜರ್ಮನರನ್ನು ಕೂಡಿಹಾಕಿದ ಮುಖ್ಯ ಶಿಬಿರ ಅದು. ನಮ್ಮ ಬಂದರುಗಳಲ್ಲಿ ಸಿಕ್ಕಿಬಿದ್ದ ಜರ್ಮನ್ ವ್ಯಾಪಾರಿ ಹಡಗುಗಳ ನಾವಿಕರು ಅಲ್ಲಿದ್ದರು. ಅದೇ ಬೇಲಿಯ ಒಳಗೆ ಬಾಸೆಲ್ ಮಿಶನ್ನಿನ ಪಾದ್ರಿಗಳೂ ಇದ್ದರು. ಮಿಶನ್ ಸ್ವಿಟ್ಸರ್ಲೆಂಡಿನದು, ಆದರೆ ಅದರ ಜನ ಬಹುಮಟ್ಟಿಗೆ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಹೆಂಗಸರು ಮಕ್ಕಳಿಗೆ ನಮ್ಮ ಬೆಳಗಾವಿಯಲ್ಲಿ ಬೇರೆ ಶಿಬಿರವಿತ್ತು; ಬಳ್ಳಾರಿಯಲ್ಲಿ ತುರ್ಕಿಯ ಸೈನಿಕರಿದ್ದರು. 1917ರಲ್ಲಿ ರೆಡ್‌ಕ್ರಾಸ್ ಪ್ರತಿನಿಧಿಗಳು ಇವನ್ನೆಲ್ಲ ನೋಡಿ ವರದಿ ಬರೆದರು.

ಇಲ್ಲಿ ನಾನು ಬಹಳ ಹೊತ್ತು ನಿಂತೆ. ಕಿಟ್ಟೆಲ್ ಕೋಶವಿಲ್ಲದೆ ನಾನು ಒಂದು ದಿನ ಪಾಠ ಹೇಳಿದವನಲ್ಲ. 1843ರ ‘ಮಂಗಳೂರ ಸಮಾಚಾರ’, 1894ರ ಕೋಶ, 1903ರಲ್ಲಿ ಟ್ಯೂಬಿಂಗನ್‌ನಲ್ಲಿ ಕಿಟ್ಟೆಲ್ ಅವರ ಮರಣ, ಇಷ್ಟನ್ನು ವಿದ್ಯಾರ್ಥಿಗಳಿಗೆ ಬರೆಯಿಸಿ ಪುಟ ತಿರುವುತ್ತಿದ್ದೆ. ಆ ಮನೆತನದ ಮಂದಿ, ಮಂಗಳೂರಿನ ಅಚ್ಚುಕೂಟ, ಜೆಪ್ಪುವಿನ ಹೆಂಚಿನ ಕಾರ್ಖಾನೆ ಇವೆಲ್ಲ 1914ರ ಆಗಸ್ಟಿನ ಮೇಲೆ ಏನಾದವೆಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಕನ್ನಡದಲ್ಲಿ ಉಪದೇಶ ಮಾಡುತ್ತಿದ್ದವರು ಶತ್ರುದೇಶದ ಪ್ರಜೆಗಳೆಂಬ ಪಟ್ಟಿಗೆ ಸೇರಿದರು. ಹೆಂಚು ಮತ್ತು ನೇಯ್ಗೆಯ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದುವು. ಇದು ಕನ್ನಡ ಸಾಹಿತ್ಯ ಚರಿತ್ರೆಯ ಹೊರಗಿನ ಮಾತೆಂದು ನಾನು ಒಪ್ಪಲಾರೆ.

ಅವರಲ್ಲಿ ಅನೇಕರನ್ನು 1915ರ ಕೊನೆಯಲ್ಲಿ ಮತ್ತು 1916ರ ಆರಂಭದಲ್ಲಿ ಎರಡು ಪ್ರಯಾಣಗಳಲ್ಲಿ ಯುರೋಪಿಗೆ ಒಯ್ದ ಹಡಗಿನ ಹೆಸರು ‘ಗೋಲ್ಕೊಂಡ’. ಇದನ್ನು ಓದಿದಾಗ ನಾನು ಕುಳಿತಿದ್ದುದು ಮಣಿಕೊಂಡದ ಮನೆಯ ಒಂಬತ್ತನೆಯ ಮಹಡಿಯಲ್ಲಿ. ಮಬ್ಬಿಲ್ಲದ ದಿನ ಅಲ್ಲಿಂದ ಗೋಲ್ಕೊಂಡದ ಕೋಟೆಯ ನೆತ್ತಿ ಕಾಣುತ್ತದೆ. ಕಾಕತಾಳೀಯವೇ ಸರಿ, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಎಂಡೆನ್ ಪ್ರಕರಣದ ಬಳಿಕ ನಾನು ಅಷ್ಟನ್ನು ಕಲಿತಿದ್ದೆ. ಜರ್ಮನರನ್ನು ಊರು ಮುಟ್ಟಿಸಿದ ಆ ಹಡಗು 1916ರ ಜೂನ್‌ನಲ್ಲಿ ಇಂಗ್ಲೆಂಡಿನ ಪೂರ್ವತೀರದ ಆಲ್ಡ್‌ಬರಾ ಬಳಿ, ಜರ್ಮನ್ ಜಲಾಂತರ್ಗಾಮಿ ಇರಿಸಿಹೋಗಿದ್ದ ಮೈನಿಗೆ ತಗುಲಿ ಮುಳುಗಿತು.

ಅತ್ತ ಬರ್ನ್ ನಗರದಲ್ಲಿ ಕುಳಿತು ಜರ್ಮನ್ ಸೆರೆಯಾಳುಗಳಿಗೆ ಪುಸ್ತಕ ಕಳುಹಿಸುವ ಕೆಲಸ ಮಾಡುತ್ತಿದ್ದವರು ಕಾದಂಬರಿಕಾರ ಹರ್ಮನ್ ಹೆಸ್ಸೆ. ಅದಕ್ಕೆ ಹಣ ಕೂಡಿಸಲು ಅವರು ತಮ್ಮ ಕವಿತೆಗಳನ್ನು ಕೈಯಾರೆ ಬರೆದು ಚಿತ್ರ ಬಿಡಿಸಿ ಮಾರಿದರು. ಅದೂ ಒಂದು ಬಗೆಯ ಸಹಾಯಾರ್ಥ ಚೀಟಿಯೇ. ಅವರ ತಾಯಿ 1842ರಲ್ಲಿ ಹುಟ್ಟಿದ್ದು ತಲಶ್ಶೇರಿಯಲ್ಲಿ, ಮಲಯಾಳ ನಿಘಂಟುಕಾರ ಗುಂಡರ್ಟರ ಮಗಳಾಗಿ. ತಂದೆಯೂ ಕೆಲಕಾಲ ನಮ್ಮ ಕರಾವಳಿಯ ಕಡೆ ಇದೇ ಮಿಶನ್ನಿನ ಸೇವೆಯಲ್ಲಿದ್ದವರು.

ನನ್ನ ಚೀಟಿ ಮಾಲ್ಟಾಕ್ಕೆ ಸಂಬಂಧಿಸಿದ್ದೋ, ಅಹ್ಮದ್‌ನಗರದಿಂದ ಬಂದದ್ದೋ, ಹ್ಯಾಂಬರ್ಗಿನ ಬೀದಿಯಲ್ಲಿ ಮಾರಾಟವಾಗಿ ಬಹುಕಾಲದ ಮೇಲೆ ಯಾರದೋ ಪೆಟ್ಟಿಗೆಯಲ್ಲಿ ಇತ್ತ ಬಂದದ್ದೋ, ಹೇಳಬಹುದಾಗಿದ್ದ ತುಂಡನ್ನು ನಾನೇ ಕಳೆದಿದ್ದೇನೆ. ಸಂಕಿರಣದ ಸಂಪಾದಕರಿಗೆ ಪತ್ರ ಬರೆದು ಪ್ರಬಂಧವನ್ನು ಹಿಂದೆಗೆದುಕೊಂಡೆ. ಮರುಮುದ್ರಣದಲ್ಲಿ ಅದನ್ನು ಕೈಬಿಟ್ಟು, ಕೊನೆಯಲ್ಲಿ ಎರಡು ಸಾಲಿನ ಸೂಚನೆ ಹಾಕಿದರು; ಚಿಕ್ಕ ಅಕ್ಷರದಲ್ಲಿದೆ, ಆದರೂ ಓದಬಹುದು.

ಆಲ್ಬಮ್ಮಿನ ಕೊನೆಯ ಪುಟದಲ್ಲಿ ಚೀಟಿಯನ್ನು ಮತ್ತೆ ಅದರ ಜಾಗದಲ್ಲಿಯೇ ಇರಿಸಿದ್ದೇನೆ. ಅಂಟು ಹಾಕಿಲ್ಲ, ಪಾರದರ್ಶಕ ಪಟ್ಟಿಯೊಳಗೆ ಸೇರಿಸಿದ್ದೇನೆ. ಅದರ ಕೆಳಗೆ ಪೆನ್ಸಿಲಿನಿಂದ ಬರೆದಿದ್ದೇನೆ: “ಕಾರ್ಡಿನ ತುಂಡಿನ ಮೇಲೆ ಇತ್ತು. ತುಂಡಿನ ಮೇಲೆ ಊದಾ ಮುದ್ರೆ, ಕೈಬರಹ. 2011ರಲ್ಲಿ ನನ್ನಿಂದ ನಷ್ಟವಾಯಿತು.”