ತಗ್ಗಿದ ಕಾರು, ತಗ್ಗುವ ಜಾಕು

ಮೇಲೇರಬೇಕೆಂಬ ಹಂಬಲ ಲೋಕದಲ್ಲಿ ಎಲ್ಲರಿಗೂ ಉಂಟು. ಗುಮಾಸ್ತನಿಗೆ ಮೇಲಿನ ಹುದ್ದೆ ಬೇಕು. ಒಂದಂತಸ್ತಿನ ಮನೆಯುಳ್ಳವನಿಗೆ ಎರಡನೆಯ ಅಂತಸ್ತು ಬೇಕು. ನನ್ನ ವಿದ್ಯಾರ್ಥಿಗಳಿಗೆ ಪುಸ್ತಕದ ಪುಟ ತಿರುವದೆಯೇ ಮೇಲಿನ ತರಗತಿ ಬೇಕು. ಆದರೆ ಹಣ ತೆತ್ತು ಕೆಳಗಿಳಿಯಬಯಸುವ ಒಂದು ವರ್ಗವೂ ಈ ಜಗತ್ತಿನಲ್ಲಿದೆಯೆಂಬುದು, ನನ್ನ ಭಾವಮೈದುನನ ಕಾರನ್ನು ಕಾಣುವವರೆಗೆ ನನಗೆ ತಿಳಿದಿರಲಿಲ್ಲ.

ಅವನದು ಸಾಮಾನ್ಯವಾದ ಪುಟ್ಟ ಕಾರು. ಹಿಂದಿನ ಒಡೆಯನಾರೋ ಅದರ ಸ್ಪ್ರಿಂಗುಗಳನ್ನು ತೆಗೆಸಿ, ಗಿಡ್ಡನೆಯ ಬೇರೆ ಸ್ಪ್ರಿಂಗುಗಳನ್ನು ಹಾಕಿಸಿದ್ದನಂತೆ. ಪರಿಣಾಮವಾಗಿ ಆ ಕಾರು ಇಲಿಯನ್ನು ಹೊಂಚುವ ಬೆಕ್ಕಿನ ಹಾಗೆ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ನಿಂತಿರುತ್ತದೆ. ಭಾರಕೇಂದ್ರ ತಗ್ಗಿದಷ್ಟೂ ತಿರುವಿನಲ್ಲಿ ಕಾರು ವಾಲುವುದು ಕಡಮೆ ಎಂಬುದು ಅವನ ವಾದ. ಅದು ಭೌತಶಾಸ್ತ್ರಕ್ಕೆ ಒಪ್ಪುವ ಮಾತೇ. ಆದರೆ ಬೆಂಗಳೂರಿನ ಬೀದಿಗಳು ಭೌತಶಾಸ್ತ್ರವನ್ನು ಓದಿಲ್ಲ. ರಸ್ತೆಯುಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸು ಲೆಕ್ಕ ಹಾಕಿ ಹೇಳಿದೆ. ನಮ್ಮ ಬೀದಿಯ ಉಬ್ಬುಗಳಿಗೆ ಆ ಲೆಕ್ಕ ಮುಟ್ಟಿದಂತಿಲ್ಲ. ತಯಾರಕರು ನಮೂದಿಸಿದ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಕಡಿವಾಣ ಹಾಕಿದೆಯೆಂಬುದನ್ನೂ ಅವನಿಗೆ ನೆನಪಿಸಿದೆ. “ಮೊದಲಿದ್ದಂಥ ಸ್ಪ್ರಿಂಗುಗಳನ್ನೇ ಹಾಕಿಸುತ್ತೇನೆ ಭಾವ, ಸ್ವಲ್ಪ ಸಮಯ ಕೊಡಿ” ಎಂದ.

ಅವನ ಇನ್ನೊಂದು ಹಟವೆಂದರೆ ಕಾರಿನ ಸಣ್ಣಪುಟ್ಟ ಕೆಲಸಗಳನ್ನು ತಾನೇ ಮಾಡಿಕೊಳ್ಳಬೇಕೆಂಬುದು. ಹುಡುಗ ಶ್ರಮಜೀವಿ, ಮೆಚ್ಚತಕ್ಕದ್ದೇ. ಆದರೆ ಎಣ್ಣೆ ಬದಲಾಯಿಸಬೇಕಾದರೆ ಕಾರಿನ ಅಡಿಯಲ್ಲಿ ಮಲಗಬೇಕು. ತಮ್ಮನ ಎರಡು ಕಾಲುಗಳು ಮಾತ್ರ ಕಾರಿನಿಂದ ಹೊರಗೆ ಚಾಚಿಕೊಂಡಿರುವ ಚಿತ್ರವನ್ನು ಮನಸ್ಸಿನಲ್ಲಿಯೇ ಕಂಡ ನನ್ನ ಹೆಂಡತಿ, “ಜಾಕು ತರಲು ಹೊರಟಿದ್ದಾನೆ. ನೀವೂ ಜೊತೆಗೆ ಹೋಗಿಬನ್ನಿ; ಒಬ್ಬನನ್ನೇ ಬಿಟ್ಟರೆ ಬೆಲೆ ಕಡಮೆಯದನ್ನು ನೋಡಿ ತಂದಾನು” ಎಂದಳು. ಹೀಗಾಗಿ, ಹಳಗನ್ನಡ ಪಾಠ ಹೇಳುವ ನಾನು ಒಂದು ಶನಿವಾರ ಮಧ್ಯಾಹ್ನ ಜೆ. ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ನಿಂತಿದ್ದೆ.

ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ, “ಎಷ್ಟು ಟನ್ನಿನದು ಕೊಡಲಿ?” ಲೋಕವೆಲ್ಲ ಕೇಳುವ ಪ್ರಶ್ನೆ ಇದೇ: ಎಷ್ಟು ಎತ್ತಬಲ್ಲೆ? ಆದರೆ ನಮ್ಮ ಕಾರಿನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಇಡೀ ಕಾರಿನ ತೂಕವೇ ಒಂದು ಟನ್ನಿನೊಳಗೆ. ಜಾಕು ಒಮ್ಮೆಗೆ ಎತ್ತುವುದು ಅದರ ಒಂದು ತುದಿಯನ್ನು ಮಾತ್ರ. ಎರಡು ಟನ್ನಿನದಾದರೆ ಧಾರಾಳವಾಯಿತು. ಕೇಳಬೇಕಾದ ಮೊದಲ ಪ್ರಶ್ನೆ, “ಎಷ್ಟು ತಗ್ಗಬಲ್ಲೆ?” ಎಂಬುದು. ಕಾರಿನ ಅಡಿಗೆ ಹೋಗಲಾರದ ಜಾಕಿಗೆ ಹತ್ತು ಟನ್ನಿನ ಬಲವಿದ್ದರೆ ತಾನೆ ಏನು?

ಮನೆಯಿಂದ ಹೊರಡುವ ಮುನ್ನವೇ ಅಡಿಪಟ್ಟಿ ಹಿಡಿದು ಅಳೆದಿದ್ದೆವು. ಬಾಗಿಲ ಕೆಳಗಿನ ಅಂಚಿನಲ್ಲಿ, ಜಾಕು ಕೊಡಲೆಂದು ಗುರುತು ಮಾಡಿರುವ ಜಾಗ ನೆಲದಿಂದ 12 ಸೆಂಟಿಮೀಟರು ಎತ್ತರದಲ್ಲಿತ್ತು. ಸಾಮಾನ್ಯವಾದ ಚಕ್ರದ ಜಾಕು, ಅಂಗಡಿಯವರ ಭಾಷೆಯಲ್ಲಿ ಟ್ರಾಲಿ ಜಾಕು, ಪೂರ್ತಿಯಾಗಿ ಮಡಿಸಿದಾಗಲೂ 13–14 ಸೆಂಟಿಮೀಟರು ನಿಲ್ಲುತ್ತದೆ. ಬಾಟಲ್ ಜಾಕಿನ ಮಾತು ಬೇಡವೇ ಬೇಡ. ಅದು ಹುಟ್ಟಿನಿಂದಲೇ ನಿಲುವಿನ ಮನುಷ್ಯ. ಇಷ್ಟಕ್ಕೇ ಮುಗಿಯಲಿಲ್ಲ. ಜಾಕು ಅತ್ಯವಶ್ಯವಾಗುವುದು ಯಾವಾಗ? ರಾತ್ರಿ ನಿಲ್ಲಿಸಿದ ಕಾರಿನ ಟೈರು ಬೆಳಗಾಗುವುದರೊಳಗೆ ಬರಿದಾಗಿರುವಾಗ. ಆಗ ಆ ಮೂಲೆ ಇನ್ನಷ್ಟು ಕುಸಿದಿರುತ್ತದೆ. ಗಾಳಿ ಬಿಟ್ಟು ಮತ್ತೆ ಅಳೆದೆವು: 8.5 ಸೆಂಟಿಮೀಟರು. ಅಳೆಯಬೇಕಾದದ್ದು ಕಾರು ಸುಖವಾಗಿರುವಾಗಿನ ಎತ್ತರವನ್ನಲ್ಲ, ಕಷ್ಟದಲ್ಲಿರುವಾಗಿನದನ್ನು.

ಅಂಗಡಿಯ ಮೂಲೆಯಿಂದ ಉದ್ದನೆಯ, ಚಪ್ಪಟೆಯಾದ ಜಾಕೊಂದನ್ನು ಹೊರಗೆಳೆದರು. ತಗ್ಗಿದಾಗ 7.5 ಸೆಂಟಿಮೀಟರು, ಏರಿದಾಗ ಸುಮಾರು 50. “ವಾಮನಮೂರ್ತಿ!” ಎಂದೆ. ಗಿಡ್ಡನಾಗಿ ಬಂದು ತ್ರಿವಿಕ್ರಮನಾಗಿ ಬೆಳೆಯುವ ಗುಣ ಅದರಲ್ಲಿತ್ತು. ಕಾರಿನ ಅಂಚಿಗೂ ಅದಕ್ಕೂ ನಡುವೆ ಉಳಿಯುವ 1 ಸೆಂಟಿಮೀಟರಿನಲ್ಲಿ ತೆಳುವಾದ ರಬ್ಬರಿನ ತುಂಡೊಂದು ಕೂರುತ್ತದೆ. ಅದಿಲ್ಲದಿದ್ದರೆ ಬಾಗಿಲ ಕೆಳಗಿನ ತಗಡಿನಂಚು ಮಡಿಚಿಹೋಗುತ್ತದೆ. ಅದರ ಉದ್ದಕ್ಕೂ ಅರ್ಥವಿದೆ. ಜಾಕು ಮುಂಭಾಗದ ನಡುವಿನ ಗಟ್ಟಿ ತೊಲೆಯವರೆಗೆ ಹೋಗಿ ಮುಟ್ಟಬೇಕು. ಆದರೂ ಅದರ ಹಿಡಿ ಬಂಪರಿನ ಹೊರಗೆ ಉಳಿದು ಮೇಲೆ ಕೆಳಗೆ ಆಡಬೇಕು. ತಗ್ಗಿದ ಕಾರಿನಲ್ಲಿ ಹಿಡಿಗೂ ಜಾಗದ ಬರ. ಅದಕ್ಕಾಗಿ ಮುಂದಿನ ಚಕ್ರಗಳನ್ನು ಮೊದಲು ನಾಲ್ಕು ಸೆಂಟಿಮೀಟರು ದಪ್ಪದ ಹಲಗೆಗಳ ಮೇಲೆ ಹತ್ತಿಸಿಕೊಳ್ಳುವುದೂ ಉಂಟು. ತೂಕ ಮಾತ್ರ ಮೂವತ್ತು ಕಿಲೋಗ್ರಾಮಿಗೆ ಮೀರಿದ್ದು. ಇದು ಮನೆಯ ಆಳೇ ಹೊರತು ಪ್ರಯಾಣದ ಸಂಗಾತಿಯಲ್ಲ.

ಇಷ್ಟು ಸಣ್ಣ ದೇಹಕ್ಕೆ ಅಷ್ಟು ಬಲ ಎಲ್ಲಿಂದ ಬಂತು? ಹದಿನೇಳನೆಯ ಶತಮಾನದ ಫ್ರಾನ್ಸಿನ ಪಾಸ್ಕಲ್ ಕಂಡುಕೊಂಡ ತತ್ತ್ವದಿಂದ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ. ಸಣ್ಣ ಕೊಂತವನ್ನು ಕೈಯಿಂದ ಒತ್ತಿದರೆ ದೊಡ್ಡ ಕೊಂತ ಅದರ ಎಷ್ಟೋ ಪಾಲು ಬಲದಿಂದ ಮೇಲೇಳುತ್ತದೆ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಇದನ್ನು ಯಂತ್ರವಾಗಿಸಿ 1795ರಲ್ಲಿ ಪೇಟೆಂಟು ಪಡೆದ. ಆದರೆ ಪ್ರಕೃತಿ ಪುಕ್ಕಟೆ ಕೊಡುವುದಿಲ್ಲ. ಬಲದಲ್ಲಿ ಉಳಿಸಿದ್ದನ್ನು ಎಣಿಕೆಯಲ್ಲಿ ತೆರಬೇಕು: ಹಿಡಿಯನ್ನು ಮತ್ತೆ ಮತ್ತೆ ಆಡಿಸಿದಂತೆ ಕಾರು ಬೆರಳಷ್ಟು ಬೆರಳಷ್ಟಾಗಿ ಏಳುತ್ತದೆ.

ಜಾಕಿನ ತೋಳು ನೆಟ್ಟಗೆ ಏಳುವುದಿಲ್ಲ. ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಏಳುತ್ತದೆ. ಆದ್ದರಿಂದ ಕಾರು ಏರಿದಂತೆ ಜಾಕು ತನ್ನ ಚಕ್ರಗಳ ಮೇಲೆ ತುಸು ಉರುಳಲೇಬೇಕು. ಮಣ್ಣಿನ ಮೇಲೋ ಜಲ್ಲಿಯ ಮೇಲೋ ಚಕ್ರ ಹೂತುಕೊಂಡರೆ ಜಾಕು ಅಲುಗದು, ಕಾರು ಜಾರುತ್ತದೆ. ನೆಲ ಗಟ್ಟಿಯಾಗಿ ಸಮತಟ್ಟಾಗಿರಬೇಕು. ನೆಲದಲ್ಲಿಯೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡೆ ಕೊಡಬೇಕು.

ಬೆಲೆ ಕುದುರಿತು. ಒಂದು ಜೊತೆ ಜಾಕ್ ಸ್ಟ್ಯಾಂಡುಗಳನ್ನೂ ಕೊಡಿ ಎಂದು ನಾನು ಹೇಳಿದಾಗ ಭಾವಮೈದುನ ಹಿಂದೆಗೆದ. “ಎರಡು ಟನ್ ಎತ್ತುವ ಜಾಕೇ ಇರುವಾಗ ಸ್ಟ್ಯಾಂಡು ಏಕೆ ಭಾವ? ದಂಡದ ಖರ್ಚು. ಬೇಕಾದರೆ ಎರಡು ಇಟ್ಟಿಗೆ ಇಟ್ಟರಾಯಿತು.”

“ಅಯ್ಯಾ, ಗೋವರ್ಧನವನ್ನು ಎತ್ತಿ ಏಳು ದಿನ ಕಿರುಬೆರಳಿನಲ್ಲಿ ಹಿಡಿದು ನಿಂತವನು ಕೃಷ್ಣ. ಈ ಜಾಕು ಕೃಷ್ಣನಲ್ಲ. ಇದರ ಎಣ್ಣೆಯನ್ನು ತಡೆದು ನಿಲ್ಲಿಸಿರುವುದು ಒಂದು ರಬ್ಬರಿನ ಬಳೆ. ಅದು ಸವೆದರೆ ಹೇಳಿ ಸವೆಯುವುದಿಲ್ಲ. ಇಟ್ಟಿಗೆಯೂ ಹಾಗೆಯೇ, ಒಡೆಯುವ ಕ್ಷಣದವರೆಗೆ ಗಟ್ಟಿಯಾಗಿಯೇ ಕಾಣುತ್ತದೆ” ಎಂದೆ. ಅವನು ಸುಮ್ಮನಿದ್ದ. ಮೇಷ್ಟರಿಗೆ ಎದುರು ಕುಳಿತವರು ಸುಮ್ಮನಾದರೆ ಸಾಕು, ಪಾಠ ಮುಂದುವರಿಯುತ್ತದೆ. “ಕಡಲು ಕಡೆದ ಕಥೆ ಗೊತ್ತಲ್ಲ? ಮಂದರವನ್ನು ಕಿತ್ತು ತಂದವರಿದ್ದರು, ಎಳೆದು ಕಡೆಯುವವರಿದ್ದರು. ಆದರೂ ಪರ್ವತ ಕುಸಿಯತೊಡಗಿತು. ಆಗ ಬೇಕಾದದ್ದು ಇನ್ನೊಬ್ಬ ಎತ್ತುವವನಲ್ಲ. ಕೆಳಗೆ ಅಲುಗದೆ ಕೂರುವ ಆಮೆ. ದಶಾವತಾರದಲ್ಲಿ ಕೂರ್ಮ ವಾಮನನಿಗಿಂತ ಹಿರಿಯ. ಅಣ್ಣನನ್ನು ಅಂಗಡಿಯಲ್ಲಿ ಬಿಟ್ಟು ತಮ್ಮನೊಬ್ಬನನ್ನೇ ಮನೆಗೆ ಕರೆದೊಯ್ಯುವುದು ನ್ಯಾಯವೆ?”

ಅಂಗಡಿಯವರು ನಕ್ಕು ಸ್ಟ್ಯಾಂಡುಗಳನ್ನು ತಂದಿಟ್ಟರು. ಅವುಗಳ ಕನಿಷ್ಠ ಎತ್ತರ 28 ಸೆಂಟಿಮೀಟರು. ಜಾಕಿನ ಮೇಲಿನ ಅಳತೆಯನ್ನೂ ಏಕೆ ನೋಡಬೇಕೆಂಬುದು ಆಗ ಅವನಿಗೆ ಹೊಳೆಯಿತು: ಸ್ಟ್ಯಾಂಡು ಅಡಿಗೆ ಹೋಗುವಷ್ಟು ಎತ್ತಲಾರದ ಜಾಕು ಅರ್ಧ ದಾರಿಯಲ್ಲಿ ಕೈಬಿಟ್ಟ ನೆಂಟನಂತೆ. ನಡುವಿನ ತೊಲೆಗೆ ಜಾಕು, ಎರಡು ಪಕ್ಕಗಳ ಗುರುತಿನ ಜಾಗಕ್ಕೆ ಸ್ಟ್ಯಾಂಡು; ಬಳಿಕ ಜಾಕನ್ನು ಮೆಲ್ಲನೆ ಇಳಿಸಿ, ಭಾರವನ್ನು ಸ್ಟ್ಯಾಂಡುಗಳಿಗೆ ಒಪ್ಪಿಸಿ, ಕೈಯಿಂದ ಒಮ್ಮೆ ಅಲುಗಾಡಿಸಿ ನೋಡಿ, ಆಮೇಲೆ ಮಲಗುವುದು. ಎತ್ತುವ ಕೆಲಸ ಜಾಕಿನದು. ಹೊರುವ ಕೆಲಸ ಅದರದಲ್ಲ.

ಮೂವತ್ತು ಕಿಲೋಗ್ರಾಮಿನ ವಾಮನನನ್ನೂ ಇಬ್ಬರು ಕೂರ್ಮರನ್ನೂ ಆಟೋರಿಕ್ಷಾದಲ್ಲಿ ಮನೆಗೆ ತಂದೆವು. ಅಂದಿನಿಂದ ಭಾನುವಾರಗಳಂದು ಭಾವಮೈದುನ ಚಾಪೆ ಹಿಡಿದು ಕಾರಿನ ಬಳಿಗೆ ಹೊರಡುವಾಗ, ಅಡಿಗೆಮನೆಯ ಕಿಟಕಿಯಿಂದ ನನ್ನ ಹೆಂಡತಿ ಕೇಳುತ್ತಾಳೆ: “ಆಮೆ ಇಟ್ಟೆಯೇನೋ?”

“ಇಟ್ಟಿದ್ದೇನೆ ಅಕ್ಕ” ಎಂಬ ಉತ್ತರ ಬರುವವರೆಗೆ ಒಲೆಯ ಮೇಲಿನ ಸಾರಿಗೆ ಒಗ್ಗರಣೆ ಬೀಳುವುದಿಲ್ಲ.