ವಿಮಾನಕ್ಕೆ ಮುನ್ನ ವಿಮೆ

ನಮ್ಮಂಥ ನಿವೃತ್ತರ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಯಾತ್ರೆ ರೂಢಿಗೆ ಬಂದಿದೆ. ಹಿಂದಿನವರು ಕಾಶಿಗೆ ಹೋಗುತ್ತಿದ್ದರು. ನಾವು ಮಗಳ ಇಲ್ಲವೇ ಸೊಸೆಯ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುತ್ತೇವೆ. ಮೈಸೂರಿನ ನಮ್ಮ ಬಡಾವಣೆಯ ಉದ್ಯಾನದಲ್ಲಿ ಸಂಜೆ ಕಲ್ಲುಬೆಂಚಿನ ಮೇಲೆ ಕೂರುವ ಏಳು ಮಂದಿಯಲ್ಲಿ ಐವರು ಆ ದೇಶವನ್ನು ಕಂಡು ಬಂದವರು. ನಯಾಗರದ ವರ್ಣನೆ, ಹಿಮದ ವರ್ಣನೆ, ಅಲ್ಲಿನ ರಸ್ತೆಗಳ ವರ್ಣನೆ ಎಲ್ಲವೂ ಬೆಂಚಿನ ಮೇಲೆ ಆಗಿಹೋಗಿವೆ. ಆದರೆ ಹೊರಡುವ ಮುನ್ನ ತುಂಬಿದ ವಿಮೆಯ ಫಾರಮ್ಮಿನ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದನ್ನು ಕುರಿತು ನನ್ನ ಅನುಭವವನ್ನು ಹೇಳಿಕೊಳ್ಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

2023ರ ಬೇಸಗೆಯಲ್ಲಿ ನ್ಯೂಜೆರ್ಸಿಯಲ್ಲಿರುವ ಮಗಳು ಎರಡನೆಯ ಮಗುವಿನ ನಿರೀಕ್ಷೆಯಲ್ಲಿದ್ದಾಳೆಂಬ ಸುದ್ದಿ ಬಂದಿತು. ಆಗ ನನಗೆ ಎಪ್ಪತ್ತೊಂದು, ನನ್ನಾಕೆಗೆ ಅರವತ್ತಾರು. ನನ್ನ ದೇಹದ ಆಸ್ತಿಪಟ್ಟಿಯನ್ನು ಮೊದಲೇ ಒಪ್ಪಿಸಿಬಿಡುತ್ತೇನೆ: ಹದಿನೆಂಟು ವರ್ಷಗಳ ಸಕ್ಕರೆ ಕಾಯಿಲೆ, ಅದರ ಬೆನ್ನಿಗೇ ಬಂದ ರಕ್ತದೊತ್ತಡ, 2016ರಲ್ಲಿ ಹೃದಯದ ರಕ್ತನಾಳಕ್ಕೆ ಹಾಕಿಸಿಕೊಂಡ ಒಂದು ಸ್ಟೆಂಟ್. ನನ್ನಾಕೆಯದು ಥೈರಾಯಿಡ್ ಮತ್ತು ಮಂಡಿನೋವು. ಬೆಳಿಗ್ಗೆ ಕಾಫಿಗೆ ಮುಂಚೆ ನಮ್ಮ ಅಡುಗೆಮನೆಯ ಕಟ್ಟೆ ಔಷಧದ ಅಂಗಡಿಯಂತೆಯೇ ಕಾಣುತ್ತದೆ.

ಯೂರೋಪಿನ ಷೆಂಗೆನ್ ದೇಶಗಳಿಗೆ ಹೋಗುವುದಾದರೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಇಲ್ಲದೆ ವೀಸಾ ಸಿಗುವುದಿಲ್ಲ. ಕೆನಡಾದಲ್ಲಿ ಮಕ್ಕಳಿರುವ ತಂದೆತಾಯಿಯರಿಗೆ ಕೊಡುವ ಸೂಪರ್ ವೀಸಾಕ್ಕೆ ಕನಿಷ್ಠ 1,00,000 ಕೆನಡಿಯನ್ ಡಾಲರುಗಳ, ಒಂದು ವರ್ಷದ ವಿಮೆ ಬೇಕು. ಅಮೆರಿಕದ ಪ್ರವಾಸಿ ವೀಸಾದವರು ಮಾತ್ರ ಇಂಥ ಯಾವ ಕಾಗದವನ್ನೂ ಕೇಳಲಿಲ್ಲ. ಕೇಳದೆ ಇರುವುದನ್ನು ನಾವು ಔದಾರ್ಯವೆಂದು ತಿಳಿಯುತ್ತೇವೆ. ವಾಸ್ತವದಲ್ಲಿ ಅಲ್ಲಿ ಅರವತ್ತೈದು ದಾಟಿದವರಿಗಿರುವ ಮೆಡಿಕೇರ್ ಎಂಬ ಸರ್ಕಾರಿ ವ್ಯವಸ್ಥೆ ಪ್ರವಾಸಿಗರಿಗೆ ಅನ್ವಯಿಸುವುದಿಲ್ಲ. 1986ರ ಒಂದು ಕಾನೂನಿನ ಪ್ರಕಾರ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ರೋಗಿಯನ್ನು, ಅವನ ಬಳಿ ಹಣವಿರಲಿ ಇಲ್ಲದಿರಲಿ, ಪರೀಕ್ಷಿಸಿ ಅಪಾಯದಿಂದ ಪಾರುಮಾಡಲೇಬೇಕು. ಆದರೆ ಬಿಲ್ಲನ್ನು ಕಳಿಸಬಾರದೆಂದು ಆ ಕಾನೂನು ಎಲ್ಲಿಯೂ ಹೇಳಿಲ್ಲ!

ವಿಮೆ ಮಾಡಿಸಲೆಂದು ಮನೆಗೆ ಬಂದ ಏಜೆಂಟ್ ನನ್ನ ಹಳೆಯ ವಿದ್ಯಾರ್ಥಿಯೇ ಆಗಿದ್ದ. ಫಾರಂ ತೆಗೆದು, ಹೆಸರು, ವಿಳಾಸ, ಪಾಸ್‌ಪೋರ್ಟ್ ಸಂಖ್ಯೆಗಳನ್ನು ತುಂಬಿ, ಮೂರನೆಯ ಪುಟಕ್ಕೆ ಬಂದಾಗ ಅವನ ಪೆನ್ನು ನಿಂತಿತು. ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ತೊಂದರೆ, ಹಿಂದೆ ಆಗಿರುವ ಶಸ್ತ್ರಚಿಕಿತ್ಸೆ, ಈಗ ತೆಗೆದುಕೊಳ್ಳುತ್ತಿರುವ ಔಷಧ. ಒಂದೊಂದರ ಮುಂದೆಯೂ ‘ಹೌದು’, ‘ಇಲ್ಲ’ ಎಂಬ ಎರಡು ಚೌಕಗಳು.

“ಸಾರ್, ಎಲ್ಲದಕ್ಕೂ ‘ಇಲ್ಲ’ ಅಂತ ಹಾಕಿಬಿಡೋಣ. ‘ಹೌದು’ ಅಂದ್ರೆ ಪ್ರೀಮಿಯಂ ಏರುತ್ತೆ, ಟೆಸ್ಟ್ ಮಾಡಿಸಿ ಅಂತಾರೆ, ಕೊಡೋದೇ ಇಲ್ಲ ಅಂದ್ರೂ ಅನ್ನಬಹುದು. ಎಲ್ಲರೂ ಹೀಗೇ ಮಾಡೋದು ಸಾರ್” ಎಂದ.

ಅವನು ಕೆಟ್ಟವನಲ್ಲ. ಮೇಷ್ಟರ ದುಡ್ಡು ಉಳಿಯಲೆಂಬ ಪ್ರೀತಿಯಿಂದಲೇ ಹೇಳಿದ. ಮೂವತ್ನಾಲ್ಕು ವರ್ಷ ಮಕ್ಕಳಿಗೆ ಸತ್ಯಹರಿಶ್ಚಂದ್ರನ ಕಥೆ ಹೇಳಿದ ನಾನು ಆ ಕ್ಷಣದಲ್ಲಿ ಅವನನ್ನು ಗದರಿದೆನೆಂದು ಬರೆದರೆ ನಿಮಗೂ ಸಂತೋಷವಾಗುತ್ತಿತ್ತು. ಹಾಗೆ ಆಗಲಿಲ್ಲ. “ಫಾರಂ ಇಲ್ಲೇ ಇರಲಿ, ನಾಳೆ ಹೇಳುತ್ತೇನೆ” ಎಂದೆ. ಮನಸ್ಸು ‘ಇಲ್ಲ’ದ ಕಡೆಗೇ ವಾಲಿತ್ತು.

ರಾತ್ರಿ ನಿದ್ರೆ ಬಾರದೆ ಹೊರಳಾಡುವಾಗ ನನ್ನ ಸಹೋದ್ಯೋಗಿಯೊಬ್ಬರ ನೆನಪಾಯಿತು. 2018ರಲ್ಲಿ ಮಗನ ಮನೆಗೆ ಹೋಗುವಾಗ ಅವರು ಎಲ್ಲ ಚೌಕಗಳಲ್ಲಿಯೂ ‘ಇಲ್ಲ’ ಎಂದೇ ಗುರುತು ಹಾಕಿದ್ದರು. ಅಲ್ಲಿ ಕಾಲಿನ ಗಾಯ ಕೀವಾಗಿ, ಜ್ವರ ಏರಿ ಆಸ್ಪತ್ರೆ ಸೇರಿದರು. ತುರ್ತು ವಿಭಾಗದ ವೈದ್ಯರು ಮೊದಲು ಕೇಳಿದ್ದೇ “ಸಕ್ಕರೆ ಕಾಯಿಲೆ ಇದೆಯೆ? ಎಷ್ಟು ವರ್ಷದಿಂದ?” ಎಂದು. ಪ್ರಾಣಭಯದಲ್ಲಿದ್ದವರು ವೈದ್ಯರ ಮುಂದೆ ಸುಳ್ಳು ಹೇಳುವುದುಂಟೆ? “ಹನ್ನೆರಡು ವರ್ಷದಿಂದ” ಎಂದರು. ಆ ಮಾತು ರೋಗಿಯ ಕಡತದಲ್ಲಿ ದಾಖಲಾಯಿತು. ವಿಮಾ ಕಂಪನಿ ಆ ಕಡತವನ್ನು ತರಿಸಿಕೊಂಡು, ಫಾರಮ್ಮಿನ ಪಕ್ಕದಲ್ಲಿಟ್ಟು ನೋಡಿ, ಕ್ಲೇಮನ್ನು ತಿರಸ್ಕರಿಸಿತು. ಮಗ ಎರಡು ವರ್ಷ ಕಂತಿನಲ್ಲಿ ಬಿಲ್ಲು ತೀರಿಸಿದ. ಅವನು ಒಂದು ದಿನವೂ ತಂದೆಯನ್ನು ಆಕ್ಷೇಪಿಸಲಿಲ್ಲವಂತೆ. “ಬೈದಿದ್ದರೆ ಚೆನ್ನಾಗಿತ್ತು ಮೇಷ್ಟ್ರೇ” ಎಂದು ಅವರು ಒಮ್ಮೆ ನನ್ನ ಬಳಿ ಕಣ್ಣು ತುಂಬಿಕೊಂಡಿದ್ದರು.

ಇತಿಹಾಸ ಪಾಠ ಮಾಡಿದವನಾದ್ದರಿಂದ ಮತ್ತೊಂದು ಸಂಗತಿಯೂ ನೆನಪಾಯಿತು. ವಿಮೆಯಲ್ಲಿ ಇಬ್ಬರೂ ಪರಸ್ಪರ ಏನನ್ನೂ ಮುಚ್ಚಿಡಕೂಡದೆಂಬ ತತ್ತ್ವಕ್ಕೆ ಇಂಗ್ಲೆಂಡಿನಲ್ಲಿ ಸ್ಪಷ್ಟ ರೂಪ ಕೊಟ್ಟದ್ದು 1766ರಲ್ಲಿ ನ್ಯಾಯಮೂರ್ತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್. ಸುಮಾತ್ರಾ ದ್ವೀಪದ ಮಾರ್ಲ್‌ಬರೋ ಕೋಟೆಯ ಗವರ್ನರ್ ಕೋಟೆಯು ಶತ್ರುವಶವಾದೀತೆಂದು ವಿಮೆ ಮಾಡಿಸಿದ್ದ. ಫ್ರೆಂಚರು ಅದನ್ನು ಹಿಡಿದೇಬಿಟ್ಟರು. ಕೋಟೆಯ ದೌರ್ಬಲ್ಯವನ್ನು ಮುಚ್ಚಿಟ್ಟಿದ್ದನೆಂದು ವಿಮೆಗಾರ ತಕರಾರು ತೆಗೆದ. ಅಪಾಯದ ಸಂಗತಿಗಳು ಹೆಚ್ಚಾಗಿ ವಿಮೆ ಮಾಡಿಸುವವನಿಗಷ್ಟೇ ಗೊತ್ತಿರುವುದರಿಂದ ಅವನು ಅವನ್ನು ತಿಳಿಸಬೇಕು, ಆದರೆ ವಿಮೆಗಾರನಿಗೆ ತಾನಾಗಿಯೇ ತಿಳಿಯಬಹುದಾದದ್ದನ್ನು ನೆಪಮಾಡಿ ಅವನೂ ನುಣುಚಿಕೊಳ್ಳಕೂಡದು ಎಂದು ತೀರ್ಪಾಗಿ, ಗವರ್ನರನೇ ಗೆದ್ದ. ನನ್ನ ದೇಹವೂ ಅಂಥದೇ ಒಂದು ಹಳೆಯ ಕೋಟೆ. ಅದರ ಗೋಡೆ ಎಲ್ಲೆಲ್ಲಿ ಬಿರುಕು ಬಿಟ್ಟಿದೆಯೆಂದು ಬಲ್ಲವನು ನಾನೊಬ್ಬನೇ.

ಮರುದಿನ ಏಜೆಂಟನನ್ನು ಕರೆಸಿ ಇದ್ದದ್ದೆಲ್ಲಕ್ಕೂ ‘ಹೌದು’ ಎಂದು ಬರೆಸಿದೆ. ಹಾಗೆ ಬರೆದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. ಒಂದು ಕಂಪನಿ ನನ್ನನ್ನು ನಯವಾಗಿ ನಿರಾಕರಿಸಿತು. ಮತ್ತೊಂದು ಇಸಿಜಿ, ರಕ್ತ, ಮೂತ್ರ ಪರೀಕ್ಷೆಗಳ ವರದಿ ಕೇಳಿ ಕೊನೆಗೆ ಒಪ್ಪಿತು. ಪ್ರೀಮಿಯಂ ನನ್ನ ಒಂದು ತಿಂಗಳ ಪಿಂಚಣಿಯನ್ನು ಮೀರಿತು. ಆದರೂ ಆ ನೆಪದಲ್ಲಿ ಪಾಲಿಸಿಯ ಸಣ್ಣಕ್ಷರಗಳನ್ನೆಲ್ಲ ಭೂತಗನ್ನಡಿ ಹಿಡಿದು ಓದಿದೆ. ನನಗೆ ಅರ್ಥವಾದುದು ಇಷ್ಟು.

ಇಂಥ ಪಾಲಿಸಿಗಳು ಸಾಮಾನ್ಯವಾಗಿ ಮೊದಲೇ ಇರುವ ಕಾಯಿಲೆಗೆ ಚಿಕಿತ್ಸೆಯ ವೆಚ್ಚ ಕೊಡುವುದಿಲ್ಲ. ನಮ್ಮದರಲ್ಲಿದ್ದುದು ಒಂದು ರಿಯಾಯಿತಿ ಮಾತ್ರ: ಆ ಕಾಯಿಲೆಯಿಂದ ಪ್ರಾಣಕ್ಕೇ ಅಪಾಯ ಬಂದರೆ, ರೋಗಿ ಚೇತರಿಸಿಕೊಂಡು ಅಪಾಯ ಕಳೆಯುವವರೆಗಿನ ವೆಚ್ಚವನ್ನು ಒಂದು ಮಿತಿಯೊಳಗೆ ಭರಿಸುವುದು. ಅನಂತರದ ಪರೀಕ್ಷೆ, ದಿನನಿತ್ಯದ ಮಾತ್ರೆ ಎಲ್ಲವೂ ನಮ್ಮದೇ ಹೊಣೆ. ವಯಸ್ಸಾದವರಿಗೆ ಕೊಠಡಿ ಬಾಡಿಗೆಗೆ ಇಷ್ಟು, ಶಸ್ತ್ರಚಿಕಿತ್ಸಕರಿಗೆ ಇಷ್ಟು ಎಂಬ ಒಳಮಿತಿಗಳೂ ಇದ್ದವು. ಮುಖಪುಟದಲ್ಲಿ ಒಂದು ಲಕ್ಷ ಡಾಲರ್ ಎಂದಿದ್ದರೂ ಒಳಪುಟಗಳಲ್ಲಿ ಅದು ತುಂಡುತುಂಡಾಗಿರುತ್ತದೆ. ಅಮೆರಿಕದಲ್ಲೇ ಕೊಳ್ಳುವ ಪಾಲಿಸಿಗಳನ್ನು ಮಗಳು ವಿಚಾರಿಸಿದಳು. ಕೆಲವು ಪ್ರತಿಯೊಂದು ಸೇವೆಗೂ ಗೊತ್ತುಪಡಿಸಿದ ಸಣ್ಣ ಮೊತ್ತವನ್ನಷ್ಟೇ ಕೊಡುತ್ತವೆ; ಕೆಲವು ಬಿಲ್ಲಿನ ಬಹುಭಾಗವನ್ನು ಭರಿಸುತ್ತವೆ. ಹಳೆಯ ಕಾಯಿಲೆ ದಿಢೀರನೆ ಉಲ್ಬಣಿಸಿದರೆ ಮಾತ್ರ ಕೊಡುತ್ತೇವೆ, 24 ಗಂಟೆಯೊಳಗೆ ವೈದ್ಯರನ್ನು ಕಂಡಿರಬೇಕು ಎಂಬ ಷರತ್ತು ಹಲವು ಪಾಲಿಸಿಗಳಲ್ಲಿದೆ. ವಯಸ್ಸು ಎಪ್ಪತ್ತೋ ಎಂಬತ್ತೋ ದಾಟಿದರೆ ಆ ಸೌಲಭ್ಯವೂ ಕುಗ್ಗುತ್ತದೆ, ಇಲ್ಲವೇ ಇಲ್ಲವಾಗುತ್ತದೆ.

ನವೆಂಬರಿನಲ್ಲಿ ನ್ಯೂಜೆರ್ಸಿ ತಲುಪಿದೆವು. ಮೊಮ್ಮಗ ಹುಟ್ಟಿದ. ಮಗುವಿಗೆ ಮೂರು ವಾರವಾದಾಗ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ನನ್ನ ಎದೆಯಲ್ಲಿ ಯಾರೋ ಮಣೆ ಇಟ್ಟು ಒತ್ತಿದಂತಾಯಿತು. ಎಡಭುಜದಲ್ಲಿ ಸಣ್ಣ ಸೆಳೆತ. ಪಕ್ಕದ ಕೋಣೆಯಲ್ಲಿ ಬಾಣಂತಿ ಮಗಳು ಆಗತಾನೇ ಕಣ್ಣು ಮುಚ್ಚಿದ್ದಳು. ಅಳಿಯನಿಗೆ ಬೆಳಿಗ್ಗೆ ಕೆಲಸ. ಹೊರಗೆ ಮೈ ಕೊರೆಯುವ ಚಳಿ. ನನ್ನ ತಲೆಯಲ್ಲಿ ಆಗ ಸುಳಿದದ್ದು ಮೃತ್ಯುವಲ್ಲ, ಬಿಲ್ಲು! ‘ವಾಯುವಿರಬಹುದು, ಬೆಳಗಾಗಲಿ’ ಎಂದು ಸುಮ್ಮನೆ ಮಲಗಿದೆ. ಎರಡು ಗಂಟೆಯ ಹೊತ್ತಿಗೆ ನನ್ನಾಕೆ ದೀಪ ಹಾಕಿದಳು.

“ಏನ್ರೀ, ಇಷ್ಟು ಬೆವರಿದ್ದೀರಲ್ಲ?”

“ಏನಿಲ್ಲ, ಮಲಗು.”

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. “ಯಾವುದೋ ಕಂಪನಿಯವರಿಗೆ ನಿಜ ಹೇಳಬೇಕು ಅಂತ ರಾತ್ರಿಯೆಲ್ಲ ಒದ್ದಾಡಿದ್ರಿ. ಹೆತ್ತ ಮಗಳ ಹತ್ತಿರ ಯಾಕ್ರೀ ಸುಳ್ಳು?” ಎಂದವಳೇ ಎದ್ದು ಹೋಗಿ ಮಗಳನ್ನು ಎಬ್ಬಿಸಿದಳು.

ಅಳಿಯ 911ಕ್ಕೆ ಫೋನು ಮಾಡಿದ. ಹತ್ತು ನಿಮಿಷದಲ್ಲಿ ಆಂಬ್ಯುಲೆನ್ಸ್ ಬಂದಿತು. ಮಗಳು ಮಗುವನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದ ಚಿತ್ರ ಇಂದಿಗೂ ನನ್ನ ಕಣ್ಣಮುಂದಿದೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದೆಯೇ ಎಂದು ತಿಳಿಯುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನು ಕೆಲವು ಗಂಟೆಗಳ ಅಂತರದಲ್ಲಿ ಮತ್ತೆ ಮಾಡಿದರು. ಮರುದಿನ ಸಂಜೆಯವರೆಗೂ ಇರಿಸಿಕೊಂಡು, ಹೃದಯಾಘಾತವಲ್ಲವೆಂದು ಹೇಳಿ, ಮಾತ್ರೆಯ ಪ್ರಮಾಣ ಬದಲಿಸಿ ಕಳಿಸಿದರು. “ಮೂರು ಗಂಟೆ ಯಾಕೆ ಕಾದಿರಿ?” ಎಂದು ಕೇಳಿದ ವೈದ್ಯೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಿಜವಾಗಿಯೂ ಹೃದಯಾಘಾತವಾಗಿದ್ದರೆ ಆ ಮೂರು ಗಂಟೆಗಳನ್ನು ಯಾವ ವಿಮೆಯೂ ಹಿಂದಿರುಗಿಸುತ್ತಿರಲಿಲ್ಲ.

ಬಿಲ್ಲು 14,600 ಡಾಲರ್. ಅಂದಿನ ಲೆಕ್ಕದಲ್ಲಿ ಹನ್ನೆರಡು ಲಕ್ಷ ರೂಪಾಯಿ. ನಿವೃತ್ತನಾದಾಗ ನನಗೆ ಬಂದ ಗ್ರಾಚ್ಯುಯಿಟಿಗಿಂತ ಹೆಚ್ಚು. ಕಂಪನಿಯವರು 2016ರ ಡಿಸ್ಚಾರ್ಜ್ ಕಾಗದ, ಸ್ಟೆಂಟಿನ ವರದಿ, ಹಳೆಯ ಔಷಧಚೀಟಿ, ಪಾಸ್‌ಪೋರ್ಟಿನ ಮುದ್ರೆ ಎಲ್ಲವನ್ನೂ ಕೇಳಿದರು. ಕೇಳಿದ್ದನ್ನೇ ಮತ್ತೆ ಕೇಳಿದರು. ನಾಲ್ಕು ತಿಂಗಳು ಸತಾಯಿಸಿದರೆಂಬುದನ್ನು ಮರೆಮಾಚುವುದಿಲ್ಲ. ಆದರೆ ಅವರು ಹುಡುಕುತ್ತಿದ್ದುದೆಲ್ಲವೂ ನನ್ನ ಫಾರಮ್ಮಿನ ಮೂರನೆಯ ಪುಟದಲ್ಲಿ ಮೊದಲೇ ಇತ್ತು. ಕೊಠಡಿಯ ಒಳಮಿತಿಯನ್ನೂ ನಮ್ಮ ಪಾಲಿನ ನೂರು ಡಾಲರನ್ನೂ ಕಳೆದು ಉಳಿದುದನ್ನು ಕೊಟ್ಟರು. ಸುಮಾರು 2,300 ಡಾಲರುಗಳನ್ನು ಮಗಳು ಅಳಿಯ ಕಟ್ಟಬೇಕಾಯಿತು. ವೈದ್ಯೆ ಹೇಳಿದ ಮುಂದಿನ ಪರೀಕ್ಷೆ ತುರ್ತಿನದಲ್ಲವೆಂದು ಒಪ್ಪಲಿಲ್ಲ. ಅದನ್ನು ಮೈಸೂರಿಗೆ ಮರಳಿದ ಮೇಲೆ ಮಾಡಿಸಿಕೊಂಡೆ.

ಹೊರಡಲಿರುವ ನನ್ನ ವಯಸ್ಸಿನ ಮಿತ್ರರಿಗೆ ಮೇಷ್ಟರ ಹಳೆಯ ಚಾಳಿಯಿಂದ ನಾಲ್ಕು ಮಾತು. ಪಾಲಿಸಿಯ ಮೊದಲ ಪುಟಕ್ಕಿಂತ ‘ಯಾವುದಕ್ಕೆ ಕೊಡುವುದಿಲ್ಲ’ ಎಂಬ ಪುಟವನ್ನು ಮೊದಲು ಓದಿ. ಫಾರಂ ಅನ್ನು ಏಜೆಂಟ್ ತುಂಬಿದರೂ ಸಹಿ ನಿಮ್ಮದು. ಸಹಿಗೆ ಮುನ್ನ ಪ್ರತಿ ಚೌಕವನ್ನೂ ನೋಡಿ, ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ವೈದ್ಯರಿಂದ ನಿಮ್ಮ ಕಾಯಿಲೆ ಮತ್ತು ಔಷಧಗಳ ಮೂಲ ಹೆಸರುಗಳಿರುವ ಪತ್ರ ಬರೆಸಿಕೊಳ್ಳಿ; ಮಾತ್ರೆಗಳು ಕೈಚೀಲದಲ್ಲೇ ಇರಲಿ. ಕಂಪನಿಯ ತುರ್ತು ದೂರವಾಣಿ ಸಂಖ್ಯೆ ಮನೆಯ ಎಲ್ಲರಿಗೂ ಗೊತ್ತಿರಲಿ, ಆಸ್ಪತ್ರೆ ಸೇರಿದೊಡನೆ ಅವರಿಗೆ ತಿಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಎದೆ ನೋಯುವಾಗ ಲೆಕ್ಕ ಹಾಕುತ್ತ ಮಲಗಬೇಡಿ. ಮಕ್ಕಳಿಗೆ ಹೊರೆಯಾಗಬಾರದೆಂದು ನಾವು ಮುಚ್ಚಿಟ್ಟದ್ದೇ ಕೊನೆಗೆ ಅವರಿಗೆ ಎಲ್ಲಕ್ಕಿಂತ ದೊಡ್ಡ ಹೊರೆಯಾಗುತ್ತದೆ.

ಬರುವ ವರ್ಷ ಮೊಮ್ಮಗನನ್ನು ನೋಡಲು ಮತ್ತೊಮ್ಮೆ ಹೋಗುವ ಆಲೋಚನೆಯಿದೆ. ಮೊನ್ನೆ ಹಳೆಯ ವಿದ್ಯಾರ್ಥಿ ಫಾರಂ ಹಿಡಿದು ಬಂದಿದ್ದ. ಮೂರನೆಯ ಪುಟಕ್ಕೆ ಬಂದಾಗ ಈ ಬಾರಿ ಅವನ ಪೆನ್ನು ನಿಲ್ಲಲಿಲ್ಲ. “ಹೇಳಿ ಸಾರ್, ಹೊಸದೇನಾದ್ರೂ ಸೇರಿದೆಯಾ?” ಎಂದ. ಒಳಗಿನಿಂದ ಕಾಫಿ ತಂದ ನನ್ನಾಕೆಯೇ ಉತ್ತರಿಸಿದಳು: “ನನಗೂ ಬಿ.ಪಿ. ಬಂದಿದೆ ಕಣಪ್ಪಾ, ಬರ್ಕೋ.”